ಹಳೇ ಹೋಮ್ ಕಂಪ್ಯೂಟರಿಗೊಂದು ಪಾಡ್‌ಕಾಸ್ಟ್: ಶುರು ಮಾಡುವುದು, ನಡೆಸುವುದು, ಜನ ಸೇರಿಸುವುದು

ಹಳೇ ಹೋಮ್ ಕಂಪ್ಯೂಟರುಗಳ ಬಗ್ಗೆ ಪಾಡ್‌ಕಾಸ್ಟ್ ಮಾಡಬೇಕು ಅಂತಿದ್ದೇನೆ, ಯಾವ ಮೈಕ್ ತಗೊಳ್ಳಲಿ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಎರಡೇ. ಯಾವ ಕಂಪ್ಯೂಟರ್? ಜೊತೆಗೆ ಯಾರಿದ್ದಾರೆ? ಇವೆರಡಕ್ಕೆ ಉತ್ತರ ಇದ್ದರೆ ಯಾವ ಮೈಕಾದರೂ ನಡೆಯುತ್ತದೆ. ಇಲ್ಲದಿದ್ದರೆ ಸ್ಟುಡಿಯೋನೇ ಕಟ್ಟಿಸಿದರೂ ಆರನೇ ಕಂತಿನ ಹೊತ್ತಿಗೆ ಮಾತು ಖಾಲಿಯಾಗಿರುತ್ತದೆ.

ನಮ್ಮದು ಮೂವರ ಪಾಡ್‌ಕಾಸ್ಟ್. ಎಂಟು ಬಿಟ್‌ನ ಕಂಪ್ಯೂಟರುಗಳು, ಅದರಲ್ಲೂ ಕೊಮೊಡೋರ್ 64, ನಮ್ಮ ವಿಷಯ. ಮಾತಾಡುವುದು ಮೂವರೂ. ಆಮೇಲೆ ಕೂತು ಕತ್ತರಿಸುವವಳು ಮಾತ್ರ ನಾನೊಬ್ಬಳೇ. ಹಾಗಾಗಿ ಕೆಳಗಿರುವುದರಲ್ಲಿ ಎಡಿಟ್ ಮಾಡುವವಳ ಗೊಣಗಾಟ ಸ್ವಲ್ಪ ಜಾಸ್ತಿ ಇರುತ್ತದೆ, ಸಹಿಸಿಕೊಳ್ಳಿ.

ಒಂದೇ ಯಂತ್ರ ಹಿಡಿಯಿರಿ

ರೆಟ್ರೋ ಅಂತ ಹೆಸರಿಟ್ಟುಕೊಂಡು ಎಲ್ಲವನ್ನೂ ಹೇಳಲು ಹೊರಡಬೇಡಿ. 1977 ಒಂದೇ ವರ್ಷದಲ್ಲಿ ಆಪಲ್ 2, ಕೊಮೊಡೋರ್ ಪೆಟ್, ಟಿಆರ್‌ಎಸ್-80 ಮೂರೂ ಬಂದವು. 1979ರ ಕೊನೆಗೆ ಅಟಾರಿ 400 ಮತ್ತು 800. 1981ರ ಕೊನೆಗೆ ಬಿಬಿಸಿ ಮೈಕ್ರೋ. 1982ರಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್, ಕೊಮೊಡೋರ್ 64. 1983ರಲ್ಲಿ ಎಂಎಸ್‌ಎಕ್ಸ್, 1985ರಲ್ಲಿ ಅಮಿಗಾ. ಒಂದೊಂದಕ್ಕೂ ಬೇರೆ ಚಿಪ್, ಬೇರೆ ಬೇಸಿಕ್ (ಪ್ರೋಗ್ರಾಂ ಬರೆಯುವ ಭಾಷೆ), ಬೇರೆ ರೋಗ. ಅಟಾರಿ ಇಟ್ಟುಕೊಂಡವರಿಗೆ ಸ್ಪೆಕ್ಟ್ರಮ್‌ನಲ್ಲಿ ಬಣ್ಣ ಯಾಕೆ ಪಕ್ಕದ ಚೌಕಕ್ಕೆ ಹರಡುತ್ತದೆ ಅನ್ನುವ ಕಥೆ ಒಂದು ಸಲ ಚೆನ್ನ, ಎರಡನೇ ಸಲ ಬೇಡ.

ಈಗಾಗಲೇ ನಡೆಯುತ್ತಿರುವ ಪಾಡ್‌ಕಾಸ್ಟುಗಳನ್ನು ಮೊದಲು ಕೇಳಿ. ಏನು ಹೇಳುತ್ತಾರೆ ಅನ್ನುವುದಕ್ಕಿಂತ ಹೇಗೆ ಕಟ್ಟಿದ್ದಾರೆ ಅಂತ ಗಮನಿಸಿ. ಆಂಟಿಕ್ ಎಂಬುದು 2013ರಿಂದ ನಡೆಯುತ್ತಿದೆ, ಅಟಾರಿಯ ಎಂಟು ಬಿಟ್ ಯಂತ್ರಗಳು ಮಾತ್ರ ಅದರ ವಿಷಯ. ಹೆಸರೂ ಆ ಯಂತ್ರದ ಒಂದು ಗ್ರಾಫಿಕ್ಸ್ ಚಿಪ್ಪಿನದೇ. ಫ್ಲಾಪಿ ಡೇಸ್ ಒಂದು ಸಲಕ್ಕೆ ಒಂದು ಕಂಪ್ಯೂಟರ್ ತೆಗೆದುಕೊಂಡು ಅದರ ಹುಟ್ಟು, ಬಿಡಿಭಾಗ, ಬಳಗ ಎಲ್ಲ ಹೇಳುತ್ತದೆ. ದಿ ರೆಟ್ರೋ ಅವರ್ ವಾರಕ್ಕೊಬ್ಬ ಅತಿಥಿಯನ್ನು ಕರೆಯುತ್ತದೆ. ಅಡ್ವೆಂಟ್ ಆಫ್ ಕಂಪ್ಯೂಟಿಂಗ್‌ನಲ್ಲಿ ಒಬ್ಬರೇ ಕೂತು ಇತಿಹಾಸವನ್ನು ಕಥೆಯಂತೆ ಹೇಳಿಕೊಂಡು ಹೋಗುತ್ತಾರೆ. ನಾಲ್ಕೂ ನಾಲ್ಕು ಬಗೆ.

ನೀವು ಒಬ್ಬರೇ ಇದ್ದರೆ ನಾಲ್ಕನೆಯ ಬಗೆ ಹಿಡಿಯಿರಿ, ಪೂರ್ತಿ ಬರೆದುಕೊಂಡು ಓದಿ. ಜೊತೆಗೊಬ್ಬರು ಇದ್ದರೆ ಹರಟಬಹುದು. ಆದರೆ ಆ ಇನ್ನೊಬ್ಬರು ನಿಮಗಿಂತ ಬೇರೆ ದಾರಿಯಿಂದ ಬಂದವರಾಗಿರಲಿ. ನಮ್ಮಲ್ಲಿ ಒಬ್ಬರು ಬೆಸುಗೆ ಕೋಲು ಹಿಡಿದೇ ಬೆಳೆದವರು. ಇನ್ನೊಬ್ಬರಿಗೆ ಆಟ ಮತ್ತು ಸಂಗೀತ ಬಿಟ್ಟು ಬೇರೇನೂ ಬೇಡ. ಇಬ್ಬರೂ ಒಂದೇ ಥರ ಇದ್ದಿದ್ದರೆ ಹೌದು ಹೌದು ಅನ್ನುವುದರಲ್ಲೇ ಗಂಟೆ ಕಳೆದುಹೋಗುತ್ತಿತ್ತು, ಅದನ್ನೆಲ್ಲ ನಾನು ಕತ್ತರಿಸಬೇಕಾಗುತ್ತಿತ್ತು.

ಹೊಸ ಸುದ್ದಿ ಓದುವ ಭಾಗ ಇಡಬೇಕೇ? ನನ್ನ ಕೇಳಿದರೆ ಬೇಡ. ಸುದ್ದಿ ಬೇರೆ ಕಡೆ ಬೇಗ ಸಿಗುತ್ತದೆ. ಮೂರು ವರ್ಷ ಬಿಟ್ಟು ನಿಮ್ಮ ಕಂತು ಕೇಳುವವರಿಗೆ ಯಾವುದೋ ಕಾರ್ಟ್ರಿಜ್ ಮುಂದಿನ ತಿಂಗಳು ಬರುತ್ತದೆ ಅನ್ನುವ ಸುದ್ದಿಯಿಂದ ಏನುಪಯೋಗ?

ಕೇಳುಗರಿಗೆ ಕೆಲಸ ಕೊಡಿ

1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ, ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ, ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿತು. ಆಲ್ಟೇರ್ 8800 ಎಂಬ, ನಾವೇ ಜೋಡಿಸಿಕೊಳ್ಳುವ ಕಂಪ್ಯೂಟರ್ ಕಿಟ್ ಬಂದಿತ್ತು, ಅದನ್ನು ನೋಡುವ ಕುತೂಹಲ ಎಲ್ಲರಿಗೂ. ಮುಂದೆ ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಕೂಡ ಆವತ್ತು ಅಲ್ಲಿದ್ದರು. ಈ ಕಥೆ ಬಹಳ ಜನಕ್ಕೆ ಗೊತ್ತು. ಅಷ್ಟಾಗಿ ಯಾರೂ ಹೇಳದ ಸಂಗತಿ ಇನ್ನೊಂದಿದೆ. ಜನ ಜಾಸ್ತಿಯಾದ ಮೇಲೆ ಆ ಸಭೆಗಳನ್ನು ನಡೆಸುತ್ತಿದ್ದವರು ಲೀ ಫೆಲ್ಸೆನ್‌ಸ್ಟೈನ್. ಸಭೆಗೆ ಎರಡು ಭಾಗ. ಮೊದಲನೆಯದಕ್ಕೆ ಮ್ಯಾಪಿಂಗ್ ಅಂತ ಹೆಸರು. ಒಬ್ಬೊಬ್ಬರೇ ಎದ್ದು, ನನ್ನ ಹತ್ತಿರ ಇದಿದೆ, ನನಗೆ ಅದು ಬೇಕು, ನಾನು ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಅಂತ ಹೇಳುವುದು. ಎರಡನೆಯದು ರ್‍ಯಾಂಡಮ್ ಆಕ್ಸೆಸ್. ಯಾರು ಯಾರಿಗೆ ಬೇಕೋ ಅವರು ಹುಡುಕಿಕೊಂಡು ಹೋಗಿ ಮಾತಾಡುವುದು.

ಪಾಡ್‌ಕಾಸ್ಟಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ನನಗೆ ಇನ್ನೂ ಸಿಕ್ಕಿಲ್ಲ. ನಮ್ಮ ಕಂತಿನ ಮೊದಲ ಹತ್ತು ನಿಮಿಷ ಮ್ಯಾಪಿಂಗ್. ಕೇಳುಗರು ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸುತ್ತಾರೆ. ನನ್ನ ಹತ್ತಿರ ಕೊಮೊಡೋರಿನ ಎರಡು ಕೆಟ್ಟ 1541 ಫ್ಲಾಪಿ ಡ್ರೈವ್ ಇವೆ, ಎರಡು ಸೇರಿಸಿ ಒಂದು ಮಾಡಬೇಕು. ಸ್ಪೆಕ್ಟ್ರಮ್‌ನ ಕೀಬೋರ್ಡ್ ಮೆಂಬ್ರೇನ್ ಸೀಳಿದೆ, ಹೊಸದು ಹಾಕಿದವರು ಇದ್ದೀರಾ? ಅಪ್ಪನ ಪ್ರೋಗ್ರಾಂ ತುಂಬಿದ ಕ್ಯಾಸೆಟ್ಟುಗಳು ಸಿಕ್ಕಿವೆ, ಯಾವ ಯಂತ್ರದ್ದು ಅಂತ ಗೊತ್ತಿಲ್ಲ, ಇದೋ ಸದ್ದು ಕೇಳಿ. ಈ ಕೊನೆಯ ಬಗೆಯದು ಬಂದರೆ ನಮಗೆ ಹಬ್ಬ. ಕ್ಯಾಸೆಟ್ಟಿನ ಸದ್ದು ಕೇಳಿಯೇ ಇದು ಬಿಬಿಸಿ, ಇದು ಕೊಮೊಡೋರ್ ಅಂತ ಹೇಳುವ ಪುಣ್ಯಾತ್ಮರು ನಮ್ಮ ಕೇಳುಗರಲ್ಲಿದ್ದಾರೆ. ಮುಂದಿನ ಕಂತಿನಲ್ಲಿ ಉತ್ತರ. ಯಾರಿಗೆ ಯಾರು ಬೇಕೋ ಅವರಿಬ್ಬರನ್ನು ಒಪ್ಪಿಗೆ ಕೇಳಿ ಪರಿಚಯ ಮಾಡಿಸಿ ನಾವು ಪಕ್ಕಕ್ಕೆ ಸರಿಯುತ್ತೇವೆ. ಮಾರುವುದು, ಕೊಳ್ಳುವುದು ಮಾತ್ರ ಕಂತಿನಲ್ಲಿ ಬೇಡ. ಅದು ಒಳಗೆ ಬಂದರೆ ಜಗಳದ ಪಂಚಾಯಿತಿ ನಿಮ್ಮ ತಲೆಗೇ ಬರುತ್ತದೆ.

ಕಂತಿನ ಕೊನೆಗೆ ಒಂದು ಕೆಲಸ ಕೊಡಿ. ಅಭಿಪ್ರಾಯ ತಿಳಿಸಿ ಅನ್ನುವುದು ಕೆಲಸ ಅಲ್ಲ. ಕೈಯಿಂದ ಮಾಡುವಂಥದ್ದು ಇರಬೇಕು, ಅರ್ಧ ಗಂಟೆಯಲ್ಲಿ ಮುಗಿಯಬೇಕು.

ನಮ್ಮಲ್ಲಿ ಚೆನ್ನಾಗಿ ಓಡಿದ ಒಂದು ಕೆಲಸ ಹೇಳುತ್ತೇನೆ. ಕೊಮೊಡೋರ್ 64ರ ಎಲ್ಲ ವೈರು ಕಿತ್ತು, ಮಗುಚಿ, ತಳದಲ್ಲಿ ಮುಂದಿನ ಅಂಚಿಗಿರುವ ಮೂರು ಸ್ಕ್ರೂ ಬಿಚ್ಚಿ. ಮತ್ತೆ ನೆಟ್ಟಗೆ ಇಟ್ಟು ಮುಚ್ಚಳವನ್ನು ಮುಂದಿನಿಂದ ನಿಧಾನ ಎತ್ತಿ. ಕೀಬೋರ್ಡ್ ಮುಚ್ಚಳಕ್ಕೇ ಅಂಟಿಕೊಂಡಿರುತ್ತದೆ, ಅದರ ವೈರು ಮತ್ತು ಕೆಂಪು ದೀಪದ ವೈರು ಬೋರ್ಡಿಗೆ ಸಿಕ್ಕಿಸಿರುತ್ತದೆ, ಎಳೆಯಬೇಡಿ. ಕೆಲವು ಬೋರ್ಡುಗಳ ಮೇಲೆ ತಗಡಿನ ಅಥವಾ ರಟ್ಟಿನ ಹೊದಿಕೆ ಇರುತ್ತದೆ, ಅದನ್ನು ಸರಿಸಬೇಕು. ಈಗ 6581 ಅಥವಾ 8580 ಅಂತ ಬರೆದ ಚಿಪ್ ಹುಡುಕಿ. ಅದೇ ಸಿಡ್, ಸಂಗೀತದ ಚಿಪ್. ಅದರ ಮೇಲೆ ಇನ್ನೊಂದು ನಾಲ್ಕಂಕಿ ಇರುತ್ತದೆ. 4485 ಅಂತಿದ್ದರೆ 1985ರ 44ನೇ ವಾರ ತಯಾರಾದದ್ದು. ಪಕ್ಕದ ಮೆಮೊರಿ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಉಲ್ಟಾ, ವರ್ಷ ಮೊದಲು, ವಾರ ಆಮೇಲೆ. ಈ ಅಂಕಿ ಓದಿ, ಒಂದು ಫೋಟೋ ತೆಗೆದು ಕಳಿಸಿ ಅಂದೆವು.

ಸುಮ್ನೆ ಅಂಕಿ ಅಂತ ಅನ್ನಿಸಬಹುದು. ಆದರೆ ಮುಚ್ಚಳ ಎತ್ತಿದವರು ಅಂಕಿ ಮಾತ್ರ ಕಳಿಸಲಿಲ್ಲ. ಒಳಗೆ ಯಾರೋ ಹಳೆಯ ಕಾಲದಲ್ಲಿ ರಿಪೇರಿ ಮಾಡಿದ ಗುರುತು, ಬೆಸೆದ ರೀಸೆಟ್ ಬಟನ್, ಬೇರೆ ವರ್ಷದ ಚಿಪ್ ಕೂತಿರುವುದು, ಎಲ್ಲದರ ಕಥೆ ಬಂತು. ಎಷ್ಟೋ ಜನ ತಮ್ಮದೇ ಕಂಪ್ಯೂಟರನ್ನು ಮೊದಲ ಸಲ ತೆರೆದಿದ್ದರು. ಅವರೆಲ್ಲ ಈಗ ನಮ್ಮ ಕಾಯಂ ಕೇಳುಗರು.

ಬೇಸಿಕ್‌ನಲ್ಲಿ ಹತ್ತೇ ಸಾಲಿನ ಆಟ ಬರೆಯುವ ಸ್ಪರ್ಧೆಯೊಂದು ವರ್ಷವರ್ಷ ನಡೆಯುತ್ತದೆ. ಅದರ ಚಿಕ್ಕ ರೂಪವಾಗಿ ಒಂದು ಸಾಲಿನ ಪ್ರೋಗ್ರಾಂ ಕೇಳಬಹುದು. ಪ್ರೋಗ್ರಾಮನ್ನು ಬಾಯಲ್ಲಿ ಓದುವ ಸಾಹಸ ಮಾತ್ರ ಬೇಡ. ಪೋಕ್ 53280 ಕಾಮಾ 0 ಅಂತ ಒಂದು ಸಲ ಓದಿದರೆ ತಮಾಷೆ. ಇಪ್ಪತ್ತು ಸಾಲು ಓದಿದರೆ ಕೇಳುಗರು ಎದ್ದು ಹೋಗುತ್ತಾರೆ. ಅದನ್ನು ಕಂತಿನ ಟಿಪ್ಪಣಿಯಲ್ಲಿ ಹಾಕಿ.

ಯಂತ್ರದ ಸದ್ದು

ವಿಡಿಯೋ ಮಾಡುವವರು ಕಂಪ್ಯೂಟರ್ ತೋರಿಸಬಲ್ಲರು. ನಮಗೆ ಕಿವಿ ಮಾತ್ರ. ಅದು ಕೊರತೆ ಅಲ್ಲ, ಯಾಕಂದರೆ ಈ ಯಂತ್ರಗಳು ತುಂಬಾ ಗಲಾಟೆ ಮಾಡುತ್ತಿದ್ದವು. 1975ರಲ್ಲಿ ಸ್ಟೀವ್ ಡಾಂಪಿಯರ್ ಎಂಬವರು ಹೋಮ್‌ಬ್ರೂ ಸಭೆಯಲ್ಲಿ ಆಲ್ಟೇರ್ ಪಕ್ಕ ಒಂದು ರೇಡಿಯೋ ಇಟ್ಟರು. ಆಲ್ಟೇರಿಗೆ ಸ್ಪೀಕರೇ ಇರಲಿಲ್ಲ. ಪ್ರೋಗ್ರಾಂ ಓಡುವಾಗ ಹೊರಡುವ ವಿದ್ಯುತ್ ಗದ್ದಲವನ್ನು ರೇಡಿಯೋ ಹಿಡಿದು ಒಂದು ಹಾಡನ್ನೇ ನುಡಿಸಿಬಿಟ್ಟಿತು. ಗೃಹ ಕಂಪ್ಯೂಟರಿನ ಇತಿಹಾಸ ಶುರುವಿನಿಂದಲೂ ಕಿವಿಗೆ ಬಿದ್ದದ್ದೇ.

ಹಾಗಾಗಿ ಪ್ರತಿ ಕಂತಿನಲ್ಲೂ ಒಂದು ಸದ್ದು ಇರಲಿ, ಹತ್ತಿರದಿಂದ ಹಿಡಿದದ್ದು. 1541 ಡ್ರೈವಿನಲ್ಲಿ ಫ್ಲಾಪಿ ಫಾರ್ಮ್ಯಾಟ್ ಮಾಡಿಸಿ. ತಲೆ ಮೊದಲ ಟ್ರ್ಯಾಕಿನಲ್ಲಿದೆಯೋ ಇಲ್ಲವೋ ಅಂತ ತಿಳಿಸುವ ಸೆನ್ಸರ್ ಅದಕ್ಕಿಲ್ಲ. ಹಾಗಾಗಿ ತಲೆಯನ್ನು ಹಿಂದಕ್ಕೆ ತಳ್ಳುತ್ತಾ ಹೋಗಿ ತಡೆಗೆ ಟಕಟಕ ಬಡಿಸುತ್ತದೆ. ಆ ಸದ್ದು ಬಂದಾಗ ಕೊಮೊಡೋರ್ ಮಂದಿ ಎಲ್ಲಿದ್ದರೂ ತಲೆ ಎತ್ತುತ್ತಾರೆ. ಅಟಾರಿಯಲ್ಲಿ ಡಿಸ್ಕಿನಿಂದ ಮಾಹಿತಿ ಬರುವಾಗ ಟಿವಿಯ ಸ್ಪೀಕರಿನಲ್ಲೇ ಪಿಕ್ ಪಿಕ್ ಅಂತ ಕೇಳಿಸುತ್ತದೆ. ಬಿಬಿಸಿ ಮೈಕ್ರೋ ಆನ್ ಮಾಡಿದ ಕೂಡಲೇ ತಗ್ಗಿನದೊಂದು, ಎತ್ತರದ್ದೊಂದು, ಎರಡು ಸ್ವರ ಕೂಗುತ್ತದೆ. ಮೈಕನ್ನು ಡ್ರೈವಿನ ಬಾಯಿಗೆ ಒಂದು ಗೇಣು ದೂರ ಇಡಿ, ಅದೇ ಮೇಜಿನ ಮೇಲೆ ಬೇಡ. ಮೇಜಿನ ನಡುಕವೂ ಸೇರಿಕೊಳ್ಳುತ್ತದೆ.

ಸಿಡ್ ಚಿಪ್ಪಿನ ಸಂಗೀತ ಹಾಕುವಾಗ ಮೂರು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಕೇಳುಗರು ಬಿಡುವುದಿಲ್ಲ. ಒಂದು, ಚಿಪ್ 6581 ಅಥವಾ 8580. ಬಾಬ್ ಯಾನಸ್ ಮೊದಲು ರೂಪಿಸಿದ 6581ರ ಫಿಲ್ಟರ್ ಒಂದು ಚಿಪ್‌ನಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಒಂದೇ ಹಾಡು ಎರಡು ಯಂತ್ರದಲ್ಲಿ ಬೇರೆ ಬೇರೆ ಬಣ್ಣದಲ್ಲಿ ಕೇಳುತ್ತದೆ. 8580 ಹೆಚ್ಚು ಶುದ್ಧ. ಆದರೆ ವಾಲ್ಯೂಮನ್ನೇ ಮೇಲೆ ಕೆಳಗೆ ಆಡಿಸಿ ಡ್ರಮ್ಮು, ಮಾತು ನುಡಿಸುವ ಹಳೆಯ ಉಪಾಯ ಅದರಲ್ಲಿ ಕೇಳಿಸುವುದೇ ಕಷ್ಟ. ಎರಡು, ಯಾವ ಟಿವಿ ಪದ್ಧತಿ, ಪಾಲ್ ಯಂತ್ರವೋ ಎನ್‌ಟಿಎಸ್‌ಸಿ ಯಂತ್ರವೋ. ಹೆಚ್ಚಿನ ಹಾಡುಗಳು ಪರದೆಯ ಒಂದೊಂದು ಚಿತ್ರಕ್ಕೆ ಒಂದೊಂದು ಹೆಜ್ಜೆ ಇಡುತ್ತವೆ. ಸೆಕೆಂಡಿಗೆ 50 ಚಿತ್ರದ ಯಂತ್ರಕ್ಕೆ ಬರೆದದ್ದು 60ರ ಯಂತ್ರದಲ್ಲಿ ಐದನೇ ಒಂದು ಭಾಗ ವೇಗವಾಗಿ ಓಡುತ್ತದೆ. ಮೂರು, ಹಾಡು ಯಾರದು. ಹೈ ವೋಲ್ಟೇಜ್ ಸಿಡ್ ಕಲೆಕ್ಷನ್ ಎಂಬ ಭಂಡಾರದಲ್ಲಿ 50,000ಕ್ಕೂ ಹೆಚ್ಚು ಹಾಡುಗಳಿವೆ. ಅಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಬಳಸಲು ಒಪ್ಪಿಗೆ ಸಿಕ್ಕಿತು ಅಂತಲ್ಲ. ಬರೆದವರನ್ನು ಕೇಳಿ. ಹವ್ಯಾಸಕ್ಕೆ ಬರೆಯುವವರು ಬಹಳಷ್ಟು ಸಲ ಖುಷಿಯಿಂದ ಒಪ್ಪುತ್ತಾರೆ, ಆಮೇಲೆ ಕಂತಿಗೇ ಬಂದು ಮಾತಾಡುತ್ತಾರೆ.

ಇನ್ನೊಂದು ಕಾಣದ ಶತ್ರು ಇದೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಆನ್ ಇದ್ದರೆ ಒಂದು ಸಣ್ಣ ಕೀರಲು ಸದ್ದು ಬರುತ್ತಲೇ ಇರುತ್ತದೆ. ಪಾಲ್‌ನಲ್ಲಿ 15,625 ಹರ್ಟ್ಸ್, ಎನ್‌ಟಿಎಸ್‌ಸಿಯಲ್ಲಿ 15,734. ನಮ್ಮ ಮೂವರಲ್ಲಿ ಹಿರಿಯರಿಗೆ ಅದು ಕೇಳಿಸುವುದೇ ಇಲ್ಲ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಆ ಎತ್ತರದ ಸದ್ದುಗಳನ್ನೇ. ಅವರು ಟಿವಿ ಹಾಕಿಟ್ಟುಕೊಂಡು ಆರಾಮಾಗಿ ಮಾತಾಡುತ್ತಾರೆ. ಎಳೆಯ ಕಿವಿಯ ಕೇಳುಗರು ಹಲ್ಲು ಕಚ್ಚುತ್ತಾರೆ. ಕೇಳಿಸದಿದ್ದರೆ ಕಣ್ಣಿಂದ ನೋಡಿ. ಆಡಾಸಿಟಿ ಎಂಬ ಎಡಿಟಿಂಗ್ ಪ್ರೋಗ್ರಾಮಿನಲ್ಲಿ, ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಹೋದರೆ ಮೇಲ್ಗಡೆ ಗೆರೆ ಎಳೆದ ಹಾಗೆ ಕಾಣುತ್ತದೆ. ಒಂದೇ ಸ್ವರವನ್ನು ತೆಗೆದುಹಾಕುವ ನಾಚ್ ಫಿಲ್ಟರಿಗೆ ಆ ಅಂಕಿ ಕೊಟ್ಟರೆ ಗೆರೆ ಮಾಯ. ಅದಕ್ಕಿಂತ ಸುಲಭ, ಮಾತಾಡುವಾಗ ಟಿವಿ ಆಫ್ ಮಾಡುವುದು. ಹಿರಿಯರು ಒಪ್ಪುವುದಿಲ್ಲ, ಕಂಪ್ಯೂಟರ್ ಓಡುತ್ತಿದ್ದರೇ ಮಾತು ಬರುತ್ತದಂತೆ.

ಗಾಳಿಯಲ್ಲಿ ಪ್ರೋಗ್ರಾಂ ಕಳಿಸುವುದು

ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ಉದ್ದ ಆಗುತ್ತದೆ. ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಇರುವುದು ಸದ್ದಿನ ರೂಪದಲ್ಲೇ. 1975ರಲ್ಲಿ ಒಪ್ಪಿಕೊಂಡ ಕಾನ್ಸಾಸ್ ಸಿಟಿ ಪದ್ಧತಿಯಲ್ಲಿ ಸೊನ್ನೆಗೆ 1200 ಹರ್ಟ್ಸ್‌ನ ನಾಲ್ಕು ಅಲೆ, ಒಂದಕ್ಕೆ 2400 ಹರ್ಟ್ಸ್‌ನ ಎಂಟು ಅಲೆ. ಸದ್ದು ಅಂದ ಮೇಲೆ ರೇಡಿಯೋದಲ್ಲಿ ಯಾಕೆ ಹೋಗಬಾರದು? ಹೋಗಿತ್ತು. 1983ರಿಂದ ಯುಗೊಸ್ಲಾವಿಯದಲ್ಲಿ ಝೋರಾನ್ ಮೋಡ್ಲಿ ಬೆಲ್‌ಗ್ರೇಡ್ ರೇಡಿಯೋದ ವೆಂಟಿಲೇಟರ್ 202 ಕಾರ್ಯಕ್ರಮದಲ್ಲಿ ಪ್ರೋಗ್ರಾಂಗಳನ್ನು ಪ್ರಸಾರ ಮಾಡಿದರು. ಜನ ಮನೆಯಲ್ಲಿ ಕ್ಯಾಸೆಟ್ಟಿಗೆ ತುಂಬಿಕೊಂಡು ಅಲ್ಲಿನದೇ ಕಂಪ್ಯೂಟರಾದ ಗಲಾಕ್ಸಿಯಾ, ಸ್ಪೆಕ್ಟ್ರಮ್‌ಗಳಿಗೆ ಹಾಕಿದರು. ನೆದರ್‌ಲೆಂಡ್ಸ್‌ನಲ್ಲಿ ಹಾಬಿಸ್ಕೂಪ್ ಎಂಬ ರೇಡಿಯೋ ಕಾರ್ಯಕ್ರಮದವರು ಬೇಸಿಕೋಡ್ ಅಂತ ಒಂದು ಪದ್ಧತಿಯನ್ನೇ ಮಾಡಿದರು, ಒಂದೇ ಪ್ರಸಾರ ಬೇರೆ ಬೇರೆ ಕಂಪನಿಯ ಯಂತ್ರಗಳಿಗೆ ಆಗಲಿ ಅಂತ. ಪಾಡ್‌ಕಾಸ್ಟ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಅಜ್ಜಂದಿರು ಬೇಕೇ?

ನೀವೂ ಮಾಡಬಹುದು. ಸ್ಪೆಕ್ಟ್ರಮ್‌ನಿಂದ ಶುರು ಮಾಡಿ, ಅದಕ್ಕೆ ಇಯರ್ ಅಂತ ಬರೆದ ಸಾಮಾನ್ಯ 3.5 ಮಿಲಿಮೀಟರ್ ಸಾಕೆಟ್ ಇದೆ. ಕೊಮೊಡೋರ್ 64 ನೇರವಾಗಿ ಆಗುವುದಿಲ್ಲ, ಡೇಟಾಸೆಟ್ ಎಂಬ ಅದರ ಕ್ಯಾಸೆಟ್ ರೆಕಾರ್ಡರಿನ ಒಳಗೇ ಸದ್ದನ್ನು ಅಂಕಿಯಾಗಿ ತಿದ್ದುವ ಸರ್ಕಿಟ್ ಇರುವುದರಿಂದ ನಡುವೆ ಅಡಾಪ್ಟರ್ ಬೇಕು. ಪ್ರೋಗ್ರಾಂ ಚಿಕ್ಕದಿರಲಿ. 48 ಕಿಲೋಬೈಟ್ ಮೆಮೊರಿ ತುಂಬುವ ಆಟ ಲೋಡ್ ಆಗಲು ನಾಲ್ಕೈದು ನಿಮಿಷ ಬೇಕು. ಅಷ್ಟು ಹೊತ್ತು ಆ ಚೀರಾಟವನ್ನು ಪ್ರೀತಿಯಿಂದ ಕೇಳುವವರು ನಮ್ಮ ಬಳಗದಲ್ಲೂ ಕಡಿಮೆ. ಒಂದೆರಡು ಕಿಲೋಬೈಟಿನ ಬೇಸಿಕ್ ಪ್ರೋಗ್ರಾಂ ಅರ್ಧ ನಿಮಿಷದೊಳಗೆ ಮುಗಿಯುತ್ತದೆ.

ಸದ್ದು ಶುರುವಾಗುವ ಮುಂಚೆ ಸ್ಪಷ್ಟವಾಗಿ ಹೇಳಿ: ಇಯರ್‌ಫೋನ್ ಹಾಕಿಕೊಂಡವರು ಈಗ ತೆಗೆಯಿರಿ. ಹೇಳಿ ಐದು ಸೆಕೆಂಡ್ ಬಿಡಿ. ಅಲ್ಲಿಗೊಂದು ಅಧ್ಯಾಯದ ಗುರುತು ಹಾಕಿ, ಬೇಡದವರು ಹಾರಿಸಿಕೊಳ್ಳಲಿ. ಇನ್ನು ಎಡಿಟರುಗಳಿಗೆ ಮಾತ್ರ: ಈ ತುಂಡಿನ ಮೇಲೆ ಗದ್ದಲ ತೆಗೆಯುವ ಫಿಲ್ಟರ್, ಕಂಪ್ರೆಸರ್, ಯಾವುದನ್ನೂ ಓಡಿಸಬೇಡಿ. ಗದ್ದಲ ತೆಗೆಯುವ ಸಾಫ್ಟ್‌ವೇರಿಗೆ ಪ್ರೋಗ್ರಾಮೇ ಗದ್ದಲ. ಎಂಪಿ3 ಸದ್ದನ್ನು ಕಿವಿಗೆ ತಕ್ಕಂತೆ ಹಿಂಡುತ್ತದೆ, ಯಂತ್ರಕ್ಕೆ ತಕ್ಕಂತೆ ಅಲ್ಲ. ಬಿಟ್‌ರೇಟ್ ಕಡಿಮೆ ಇದ್ದಷ್ಟೂ ಲೋಡ್ ಆಗದಿರುವ ಸಾಧ್ಯತೆ ಜಾಸ್ತಿ. ಹಿಂಡದ ವೇವ್ ಫೈಲನ್ನು ಪಕ್ಕದಲ್ಲೇ ಕೊಟ್ಟಿರಿ. ಕೊನೆಗೆ, ಪ್ರಕಟವಾದ ಫೈಲನ್ನೇ ಫೋನಿನಲ್ಲಿ ಇಳಿಸಿಕೊಂಡು, ವಾಲ್ಯೂಮ್ ಪೂರ್ತಿ ಏರಿಸಿ, ನಿಜವಾದ ಸ್ಪೆಕ್ಟ್ರಮ್‌ಗೆ ಜೋಡಿಸಿ ನೋಡಿ. ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿಯ ದಪ್ಪ ಪಟ್ಟಿಗಳು, ಆಮೇಲೆ ನೀಲಿ ಹಳದಿಯ ಸಣ್ಣ ಗೆರೆಗಳು ಓಡಿದರೆ ಸರಿ ಹೋಗುತ್ತಿದೆ ಅಂತ ಅರ್ಥ.

ಹಿರಿಯರ ಸಂದರ್ಶನ

ಇದನ್ನು ಮುಂದೂಡಬೇಡಿ. ಅಮಿಗಾ ರೂಪಿಸಿದ ಜೇ ಮೈನರ್ 1994ರಲ್ಲೇ ಹೋದರು. ಕೊಮೊಡೋರ್ ಕಟ್ಟಿದ ಜ್ಯಾಕ್ ಟ್ರಮೀಲ್ 2012ರಲ್ಲಿ, 6502 ಪ್ರೊಸೆಸರ್ ಚಿಪ್ಪಿನ ಚಕ್ ಪೆಡಲ್ 2019ರಲ್ಲಿ, ಸ್ಪೆಕ್ಟ್ರಮ್ ತಂದ ಕ್ಲೈವ್ ಸಿಂಕ್ಲೇರ್ 2021ರಲ್ಲಿ. 1975ರಲ್ಲಿ ವೆಸ್ಕಾನ್ ಎಲೆಕ್ಟ್ರಾನಿಕ್ಸ್ ಮೇಳದ ಹೊತ್ತಿಗೆ 6502 ಚಿಪ್ಪುಗಳನ್ನು ಹೋಟೆಲ್ ಕೋಣೆಯಲ್ಲಿ ಗಾಜಿನ ಜಾಡಿಯಲ್ಲಿ ತುಂಬಿಟ್ಟು ಮಾರಿದರು. ಜಾಡಿಯ ಮೇಲ್ಭಾಗದಲ್ಲಿ ಮಾತ್ರ ಕೆಲಸ ಮಾಡುವ ಚಿಪ್ಪುಗಳಿದ್ದವು, ಕೆಳಗಿನವು ಸುಮ್ನೆ ತುಂಬಲಿಕ್ಕೆ. ಇದು ನಮಗೆ ಗೊತ್ತಿರುವುದು ಪೆಡಲ್ ಅವರೇ ಆಮೇಲೆ ಹೇಳಿದ್ದರಿಂದ. ಇಂಥದ್ದು ಯಾವ ಕೈಪಿಡಿಯಲ್ಲೂ ಬರೆದಿರುವುದಿಲ್ಲ, ಅಲ್ವಾ?

ಹೆಸರಾದವರನ್ನು ಎಲ್ಲರೂ ಕೇಳಿ ಮುಗಿಸಿರುತ್ತಾರೆ. ಕ್ಯಾಸೆಟ್ ಕಾಪಿ ಮಾಡುವ ಕಾರ್ಖಾನೆಯಲ್ಲಿದ್ದವರು, ಕೈಪಿಡಿ ಬರೆದವರು, ಫೋನಿನಲ್ಲಿ ಗಿರಾಕಿಗಳ ದೂರು ಕೇಳುತ್ತಿದ್ದವರು, ಶಾಲೆಯಲ್ಲಿ ಬಿಬಿಸಿ ಮೈಕ್ರೋ ಮುಂದೆ ಪಾಠ ಮಾಡಿದವರು, ಇವರನ್ನು ಹುಡುಕಿ. ಮೊದಲ ಮಾತು ಯಾವಾಗಲೂ ಒಂದೇ: ಅಯ್ಯೋ, ನನ್ನ ಹತ್ತಿರ ಹೇಳುವಂಥದ್ದು ಏನೂ ಇಲ್ಲ. ಅವರೇ ನಿಮ್ಮ ಅತ್ಯುತ್ತಮ ಕಂತು.

ಆ ಕಾಲ ಹೇಗಿತ್ತು ಅಂತ ಕೇಳಿದರೆ ತುಂಬಾ ಚೆನ್ನಾಗಿತ್ತು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಿಮ್ಮ ಮೇಜಿನ ಮೇಲೆ ಏನೇನಿತ್ತು? ಪಕ್ಕದಲ್ಲಿ ಯಾರು ಕೂರುತ್ತಿದ್ದರು? ಕೆಲಸ ಮಾಡಿದ್ದನ್ನು ಸೇವ್ ಮಾಡುತ್ತಿದ್ದದ್ದು ಯಾವುದರಲ್ಲಿ? ಕರೆಂಟು ಹೋದರೆ? ಇಂಥವು ಕೇಳಿ. ಆ ಕಾಲದ ಒಂದು ಜಾಹೀರಾತು ಅಥವಾ ಬೋರ್ಡಿನ ಫೋಟೋ ಮುಂಚೆಯೇ ಕಳಿಸಿ, ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ವರ್ಷ ತಪ್ಪು ಹೇಳಿದರೆ ನಡುವೆ ತಿದ್ದಬೇಡಿ. ಮಾತಿನ ಓಟ ನಿಲ್ಲುತ್ತದೆ, ಅವರಿಗೂ ಮುಜುಗರ. ಹಳೇ ಪತ್ರಿಕೆಗಳಲ್ಲಿ ನೋಡಿಕೊಂಡು ಟಿಪ್ಪಣಿಯಲ್ಲಿ ಸರಿಯಾದ ವರ್ಷ ಹಾಕಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ನಮ್ಮ ಹಾರ್ಡ್‌ವೇರ್ ಗೆಳೆಯರಿಗೆ ಇದು ಪರಮ ಕಷ್ಟ, ಅವರ ಮೈಕನ್ನು ನಾನು ಮ್ಯೂಟ್ ಮಾಡಿಟ್ಟಿರುತ್ತೇನೆ.

ರೆಕಾರ್ಡಿಂಗ್ ಶುರುವಿನಲ್ಲೇ ಅತಿಥಿಯ ಹೆಸರು, ದಿನಾಂಕ, ಮತ್ತು ಪೂರ್ತಿ ರೆಕಾರ್ಡಿಂಗನ್ನು ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಭಂಡಾರದಲ್ಲಿ ಇಡಲು ಒಪ್ಪಿಗೆ, ಮೂರನ್ನೂ ಅವರ ಬಾಯಲ್ಲೇ ಹೇಳಿಸಿ.

ರೆಕಾರ್ಡಿಂಗ್ ಬಗ್ಗೆ ಬೇಗ ಬೇಗ

ಎಲ್ಲರೂ ದೂರದೂರದಲ್ಲಿದ್ದರೆ ಪ್ರತಿಯೊಬ್ಬರೂ ತಮ್ಮ ಕಡೆಯಲ್ಲೇ ತಮ್ಮ ಧ್ವನಿ ರೆಕಾರ್ಡ್ ಮಾಡಿಕೊಳ್ಳಲಿ, ಆಮೇಲೆ ಫೈಲು ಕಳಿಸಲಿ. ಕರೆಯ ಸದ್ದನ್ನೇ ಬಳಸಬೇಡಿ. ಫೈಲುಗಳನ್ನು ಹೊಂದಿಸಲು ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಒಂದು ಚಪ್ಪಾಳೆ. ಎರಡು ಯಂತ್ರದ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಗಂಟೆಯ ಕೊನೆಗೆ ಮಾತು ಹಿಂದೆಮುಂದೆ ಆಗಿರುತ್ತದೆ, ಕೊನೆಯ ಚಪ್ಪಾಳೆ ಅದನ್ನು ಹೇಳುತ್ತದೆ. ಎಲ್ಲರಿಗೂ ಹೆಡ್‌ಫೋನ್ ಕಡ್ಡಾಯ. ಮಾತು ಮಾತ್ರ ಇದ್ದರೆ ಮೋನೋ ಸಾಕು, ಸದ್ದಿನ ಗಟ್ಟಿತನವನ್ನು ಲಫ್ಸ್ ಎಂಬ ಅಳತೆಯಲ್ಲಿ ಸುಮಾರು ಮೈನಸ್ 19ಕ್ಕೆ ತನ್ನಿ. ಸ್ಟೀರಿಯೋ ಆದರೆ ಮೈನಸ್ 16. ಉಳಿದದ್ದು ಅಭ್ಯಾಸ.

ಜನ ಸೇರಿದಾಗ

ಕಂತು ಕೇಳಿ ಪರಿಚಯವಾದವರು ಒಂದು ದಿನ ಭೇಟಿಯಾಗಬೇಕು ಅನ್ನುತ್ತಾರೆ. ದೊಡ್ಡ ಮೇಳಗಳು ಇದ್ದೇ ಇವೆ. ವಿಂಟೇಜ್ ಕಂಪ್ಯೂಟರ್ ಫೆಸ್ಟಿವಲ್ 1997ರಲ್ಲಿ ಶುರುವಾದದ್ದು. ಆಪಲ್ 2 ಮಂದಿಯ ಕಾನ್ಸಾಸ್‌ಫೆಸ್ಟ್ 1989ರಿಂದ ನಡೆಯುತ್ತಿದೆ, ಬಂದವರು ಕಾಲೇಜಿನ ಹಾಸ್ಟೆಲಿನಲ್ಲೇ ತಂಗಿ ರಾತ್ರಿಯೆಲ್ಲ ಪ್ರೋಗ್ರಾಂ ಬರೆಯುತ್ತಾರೆ. ಡೆಮೋಸೀನ್‌ನವರು, ಅಂದರೆ ಚಿತ್ರ ಸಂಗೀತದ ಪ್ರದರ್ಶನವನ್ನೇ ಪ್ರೋಗ್ರಾಮಾಗಿ ಬರೆಯುವ ಹವ್ಯಾಸಿಗಳು, ಈಸ್ಟರ್ ಹೊತ್ತಿಗೆ ಜರ್ಮನಿಯ ಸಾರ್‌ಬ್ರೂಕನ್‌ನಲ್ಲಿ ರಿವಿಷನ್‌ಗೆ ಸೇರುತ್ತಾರೆ. ಆದರೆ ಶುರುವಿಗೆ ಐದಾರು ಜನ, ಎರಡು ಮೇಜು ಸಾಕು.

ಮೇಜಿಗಿಂತ ಮುಖ್ಯ ವಿದ್ಯುತ್ತು. ಕೊಮೊಡೋರ್ 64ರ ಜೊತೆ ಬಂದ ಹಳೆಯ ಕಪ್ಪು ಪವರ್ ಸಪ್ಲೈ ಕೆಟ್ಟಾಗ 5 ವೋಲ್ಟ್ ಇರಬೇಕಾದಲ್ಲಿ ಹೆಚ್ಚು ಕೊಟ್ಟು ಮೆಮೊರಿ ಚಿಪ್ಪುಗಳನ್ನು ಸುಡುತ್ತದೆ. ಅಳೆದು ನೋಡಿ, 5.25 ವೋಲ್ಟ್ ದಾಟಿದರೆ ಬಳಸಬೇಡಿ. ಇವತ್ತು ಸರಿ ತೋರಿಸಿದ್ದು ನಾಳೆ ಕೈಕೊಡಬಹುದು, ಹೊಸ ಸಪ್ಲೈ ತರಲು ಹೇಳಿ. ಬಿಬಿಸಿ ಮೈಕ್ರೋ ಒಳಗಿನ ರಿಫಾ ಕಂಪನಿಯ ಹಳೇ ಕೆಪಾಸಿಟರ್ ಬಿರುಕು ಬಿಟ್ಟು, ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಕೋಣೆ ತುಂಬ ಹೊಗೆ ಎಬ್ಬಿಸುತ್ತದೆ. ಬದಲಿಸದೆ ತರಬಾರದು ಅಂತ ಮೊದಲೇ ಹೇಳಿಬಿಡಿ. ಪಿಕ್ಚರ್ ಟ್ಯೂಬಿನ ಟಿವಿ ತೆರೆಯುವುದು ಹೇಗೆ ಅಂತ ಪಾಡ್‌ಕಾಸ್ಟಿನಲ್ಲಿ ಹೇಳಿಕೊಡಲೇಬೇಡಿ. ಆಫ್ ಆದ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದು ಎದುರಿಗೆ ಕೂತು ಕಲಿಯುವ ವಿದ್ಯೆ.

ಬರಲಾಗದವರಿಗಾಗಿ ನಾವು ಟೈಪ್ ಮಾಡುವ ರಾತ್ರಿ ಇಡುತ್ತೇವೆ. 80ರ ದಶಕದ ಪತ್ರಿಕೆಗಳಲ್ಲಿ ಪ್ರೋಗ್ರಾಂ ಪೂರ್ತಿ ಅಚ್ಚಾಗಿ ಬರುತ್ತಿತ್ತಲ್ಲ, ಅಂಥ ಒಂದನ್ನು ಎಲ್ಲರೂ ಒಟ್ಟಿಗೆ ಕರೆಯಲ್ಲಿದ್ದುಕೊಂಡು ತಮ್ಮ ತಮ್ಮ ಯಂತ್ರದಲ್ಲಿ ಟೈಪ್ ಮಾಡುವುದು. ಅರ್ಧ ರಾತ್ರಿ ಟೈಪಿಂಗ್, ಅರ್ಧ ರಾತ್ರಿ ತಪ್ಪು ಹುಡುಕುವುದು. ಇನ್ನು ಕೆಲವರು ವೈಫೈ ಮೋಡೆಮ್ ಹಾಕಿಕೊಂಡು ಬಿಬಿಎಸ್‌ಗಳಿಗೆ, ಅಂದರೆ ಹಿಂದೆ ಫೋನ್ ಮೂಲಕ ಸೇರುತ್ತಿದ್ದ ಸಂದೇಶ ಫಲಕಗಳಿಗೆ, ಹೋಗುತ್ತಾರೆ. ಮೊದಲ ಬಿಬಿಎಸ್ 1978ರಲ್ಲಿ ಶಿಕಾಗೋದಲ್ಲಿ ಹಿಮಬಿರುಗಾಳಿಯಿಂದ ಮನೆಯಲ್ಲೇ ಉಳಿದ ಇಬ್ಬರು ಕಟ್ಟಿದ್ದು. ಅಟಾರಿಗಳಿಗೆ ಶುರುವಾದ ಫೂಜಿನೆಟ್ ಎಂಬ ಪುಟ್ಟ ಸಾಧನ ಈಗ ಬೇರೆ ಯಂತ್ರಗಳನ್ನೂ ಇಂಟರ್ನೆಟ್ಟಿಗೆ ಸೇರಿಸುತ್ತಿದೆ.

ಎಮ್ಯುಲೇಟರ್ (ಹೊಸ ಕಂಪ್ಯೂಟರಿನಲ್ಲಿ ಹಳೇ ಯಂತ್ರದಂತೆ ನಡೆಯುವ ಪ್ರೋಗ್ರಾಂ) ಬಳಸುವವರನ್ನು ಎರಡನೇ ದರ್ಜೆಯವರಂತೆ ನೋಡುವ ಚಾಳಿ ಕೆಲವರಿಗಿದೆ. ಮೊದಲ ದಿನವೇ ಅದನ್ನು ನಿಲ್ಲಿಸಿ. ಹಳೆಯ ಯಂತ್ರ ಸಿಗುವುದು ವರ್ಷ ವರ್ಷ ಕಷ್ಟವಾಗುತ್ತಿದೆ, ಹೊಸಬರು ಬರುವ ಬಾಗಿಲೇ ಎಮ್ಯುಲೇಟರ್. ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಳಿ ಮಾಡಬೇಕೇ, ಹಾಗೇ ಬಿಡಬೇಕೇ ಅನ್ನುವುದು ಇನ್ನೊಂದು ಯುದ್ಧ. ಸಿಡ್ ಮೇಲೋ ಅಟಾರಿಯ ಸದ್ದಿನ ಚಿಪ್ ಪೋಕಿ ಮೇಲೋ ಅನ್ನುವುದು ಮತ್ತೊಂದು. ಯಂತ್ರದ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಲಿ, ಕಂತಿಗೆ ಅದೇ ಜೀವ. ಯಂತ್ರ ಬಿಟ್ಟು ಮನುಷ್ಯರ ಮೇಲೆ ಹೋದರೆ ನಾನು ಕತ್ತರಿ ಹಾಕುತ್ತೇನೆ.

ಕಂತುಗಳನ್ನು ಉಳಿಸುವುದು

ಫೀಡ್ ನಡೆಸುವ, ಅಂದರೆ ಕಂತುಗಳನ್ನು ಇಟ್ಟು ಹಂಚುವ, ಕಂಪನಿಗೆ ಹಣ ಕಟ್ಟುವುದು ನಿಂತ ದಿನ ಕಂತುಗಳೂ ಹೋಗುತ್ತವೆ. ನಲವತ್ತು ವರ್ಷದ ಫ್ಲಾಪಿ ಓದಲು ಪರದಾಡುವ ನಾವೇ ನಾಲ್ಕು ವರ್ಷದ ನಮ್ಮ ಮಾತನ್ನು ಕಳೆದುಕೊಂಡರೆ ನಗೆಪಾಟಲು. ಮೊದಲ ಕಂತಿನಿಂದಲೇ ಎಲ್ಲವನ್ನೂ ಇಂಟರ್ನೆಟ್ ಆರ್ಕೈವ್‌ಗೂ ಹಾಕಿ. ಕತ್ತರಿಸದ ಸಂದರ್ಶನ ಬೇರೆ ಫೈಲಾಗಿ, ಪ್ರೋಗ್ರಾಂಗಳು ಸಾದಾ ಪಠ್ಯವಾಗಿ, ಕ್ಯಾಸೆಟ್ ಸದ್ದು ವೇವ್ ಆಗಿ. ಫೈಲ್ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿ ಬರಲಿ, ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಪಾಸ್‌ವರ್ಡ್ ಒಬ್ಬರ ಹತ್ತಿರ ಮಾತ್ರ ಇರಬಾರದು. ನಮ್ಮಲ್ಲಿ ಮೂವರ ಹತ್ತಿರವೂ ಇದೆ, ಆಗಾಗ ಒಂದು ಕಂತನ್ನು ಆ ಇಬ್ಬರ ಕೈಯಲ್ಲೇ ಹಾಕಿಸುತ್ತೇನೆ, ಮರೆಯದಿರಲಿ ಅಂತ.